ಹೂ ಬಿಟ್ಟ ಹೊಲ ಮತ್ತು ಜೇನು: ಕೊಪ್ಪಳ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಂಟಿ ಕೃಷಿ ನಿರ್ದೇಶಕರಿಗೆ, ತೋಟಗಾರಿಕೆ ಉಪನಿರ್ದೇಶಕರಿಗೆ ಹಾಗೂ ನಮ್ಮ ಜಿಲ್ಲೆಯ ರೈತ ಬಾಂಧವರಿಗೆ,

ನಮಸ್ಕಾರಗಳು.

ಕುಷ್ಟಗಿ ತಾಲ್ಲೂಕಿನಲ್ಲಿ ಸೂರ್ಯಕಾಂತಿ, ತೊಗರಿ ಮತ್ತು ಸ್ವಲ್ಪ ದಾಳಿಂಬೆ ಬೆಳೆಯುವ, ಜೊತೆಗೆ ಕೆಲವು ಜೇನು ಪೆಟ್ಟಿಗೆಗಳನ್ನೂ ಇಟ್ಟುಕೊಂಡಿರುವ ರೈತನಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಹೊಲಗಳಲ್ಲಿ ಜೇನು ಕಡಿಮೆಯಾಗಿದೆ ಎಂಬ ಮಾತನ್ನು ಈಗ ಸಂತೆಯಲ್ಲಿ, ಬಸ್ಸಿನಲ್ಲಿ, ರೈತ ಸಂಪರ್ಕ ಕೇಂದ್ರದ ಸರದಿಯಲ್ಲಿ ಎಲ್ಲೆಡೆ ಕೇಳುತ್ತೇವೆ. ಕಾರಣ ಏನೆಂದು ಕೇಳಿದರೆ ಒಬ್ಬರು ಮೊಬೈಲ್ ಟವರ್ ಎನ್ನುತ್ತಾರೆ, ಇನ್ನೊಬ್ಬರು ಬಿಸಿಲು ಎನ್ನುತ್ತಾರೆ, ಮತ್ತೊಬ್ಬರು ಕಾರ್ಖಾನೆಯ ದೂಳು ಎನ್ನುತ್ತಾರೆ, ಔಷಧ ಸಿಂಪಡಣೆ ಎನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬಿಡಿಸಿ ಹೇಳುತ್ತೇನೆ. ಹೇಳುವ ಉದ್ದೇಶ ಒಂದೇ: ಕಾರಣಗಳು ಹಲವಿವೆ ಎಂಬುದು ನಿಜವಾದರೂ, ಅವುಗಳಲ್ಲಿ ಒಂದು, ಅಂದರೆ ಹೂ ಬಿಟ್ಟ ಬೆಳೆಗೆ ಜೇನು ಹಾರಾಡುವ ಹೊತ್ತಿನಲ್ಲೇ ಕೀಟನಾಶಕ ಸಿಂಪಡಿಸುವುದು, ಈ ಜಿಲ್ಲೆಯ ಮಟ್ಟದಲ್ಲೇ ತಡೆಯಬಹುದಾದದ್ದು. ಹೊಸ ಕಾನೂನು ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಆದರೂ ಅದನ್ನು ತಡೆಯುವ ಕೆಲಸ ಇಂದು ಯಾರ ಪಾಲಿಗೂ ಬಂದಿಲ್ಲ.

ಜೇನು ಕಡಿಮೆಯಾದರೆ ನಮಗೇನು ನಷ್ಟ ಎಂದು ಕೇಳುವವರು ಸೂರ್ಯಕಾಂತಿಯ ಒಂದು ತೆನೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ನಾವು ಒಂದು ಹೂವು ಎಂದುಕೊಳ್ಳುವ ಆ ತಟ್ಟೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಪುಟ್ಟ ಹೂಗಳಿರುತ್ತವೆ. ಅವು ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿನತ್ತ ಅರಳುತ್ತಾ ಹೋಗುತ್ತವೆ. ಇಡೀ ತೆನೆ ಅರಳಲು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಪ್ರತಿ ಪುಟ್ಟ ಹೂವು ಮೊದಲು ಪರಾಗವನ್ನು ಹೊರಚೆಲ್ಲುತ್ತದೆ, ಪರಾಗವನ್ನು ಸ್ವೀಕರಿಸುವ ಭಾಗ ತೆರೆದುಕೊಳ್ಳುವುದು ಅನಂತರ. ಅನೇಕ ತಳಿಗಳಲ್ಲಿ ತನ್ನದೇ ಗಿಡದ ಪರಾಗ ಬಿದ್ದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ, ಅಂಟಂಟಾದ ಆ ಪರಾಗ ಗಾಳಿಗೆ ದೂರ ಹಾರುವಂಥದ್ದೂ ಅಲ್ಲ. ಹಾಗಾಗಿ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಅದನ್ನು ಒಯ್ಯುವುದು ಬಹುಮಟ್ಟಿಗೆ ಜೇನಿನ ಕೆಲಸ. ಒಣಗಿದ ತೆನೆಯ ನಡುಭಾಗದ ಕಾಳನ್ನು ಉಗುರಿನಿಂದ ಬಿಡಿಸಿ ನೋಡಿದಾಗ ಕರಿ ಸಿಪ್ಪೆ ಇದ್ದು ಒಳಗೆ ತಿರುಳಿಲ್ಲದಿದ್ದರೆ, ಬೋರಾನ್ ಕೊರತೆಯೋ ನೀರಿನ ಕೊರತೆಯೋ ಇರಬಹುದು. ಅವೆರಡೂ ಇಲ್ಲದ ಹೊಲದಲ್ಲಿ ಜೊಳ್ಳು ಹೆಚ್ಚಾದರೆ ಪರಾಗಸ್ಪರ್ಶ ಸರಿಯಾಗಿ ಆಗದಿರುವ ಸಾಧ್ಯತೆಯೇ ಹೆಚ್ಚು. ಮುಂಜಾನೆ ಎಂಟರಿಂದ ಹನ್ನೊಂದರ ನಡುವೆ ಮೆತ್ತನೆಯ ಬಟ್ಟೆಯಿಂದ ತೆನೆಯಿಂದ ತೆನೆಗೆ ಸವರುತ್ತಾ ಹೋಗಬೇಕೆಂದು ಕೃಷಿ ತಜ್ಞರು ಶಿಫಾರಸು ಮಾಡುವುದು ಇದೇ ಕಾರಣಕ್ಕೆ. ಜೇನು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸವನ್ನು ಕೂಲಿ ಕೊಟ್ಟು ಮಾಡಿಸುವ ಸ್ಥಿತಿ ಇದು, ಈಗ ಆ ಕೂಲಿಯಾಳುಗಳೂ ಸಿಗುವುದು ಕಷ್ಟ.

ಸೂರ್ಯಕಾಂತಿ ಒಂದರ ಮಾತಲ್ಲ. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಗಳು ಸ್ವಲ್ಪಮಟ್ಟಿಗಾದರೂ ಕೀಟ ಮತ್ತು ಇತರ ಜೀವಿಗಳ ಪರಾಗಸ್ಪರ್ಶವನ್ನು ನೆಚ್ಚಿಕೊಂಡಿವೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ನಮ್ಮಲ್ಲಿ ಕಲ್ಲಂಗಡಿ, ಸೌತೆ, ಹೀರೆ, ಕುಂಬಳ, ಈರುಳ್ಳಿ ಬೀಜ, ಎಳ್ಳು, ಗುರೆಳ್ಳು, ಕುಸುಬಿ, ಮಾವು, ನುಗ್ಗೆ ಎಲ್ಲವೂ ಆ ಪಟ್ಟಿಗೆ ಸೇರುತ್ತವೆ. ತೊಗರಿ, ಹತ್ತಿ, ದಾಳಿಂಬೆ ತಮ್ಮಷ್ಟಕ್ಕೆ ಕಾಯಿ ಕಟ್ಟಬಲ್ಲವಾದರೂ ಜೇನು ಬಂದಾಗ ಇಳುವರಿ ಮತ್ತು ಗುಣಮಟ್ಟ ಹೆಚ್ಚುತ್ತವೆ. ಗಂಗಾವತಿ, ಕಾರಟಗಿ ಭಾಗದ ಭತ್ತಕ್ಕೆ ಜೇನು ಬೇಕಿಲ್ಲ ಎಂಬುದು ನಿಜ. ಆದರೆ ಜಿಲ್ಲೆಯ ಉಳಿದರ್ಧ ಒಣಬೇಸಾಯದ್ದು, ಅಲ್ಲಿನ ಎಣ್ಣೆಕಾಳು ಮತ್ತು ಹಣ್ಣಿನ ಬೆಳೆಗಾರನಿಗೆ ಜೇನು ಎಂದರೆ ಇಳುವರಿಯ ಪ್ರಶ್ನೆ.

ಇನ್ನು ಯಾವ ಜೇನಿನ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಬೇಕು. ಬಂಡೆ, ಆಲದ ಮರ, ಸೇತುವೆ, ನೀರಿನ ಟ್ಯಾಂಕುಗಳ ಅಡಿಯಲ್ಲಿ ದೊಡ್ಡ ಹುಟ್ಟು ಕಟ್ಟುವ ಹೆಜ್ಜೇನು, ಬಾರಿ ಮತ್ತು ಜಾಲಿ ಕಂಟಿಗಳಲ್ಲಿ ಅಂಗೈಯಗಲದ ಒಂದೇ ಹುಟ್ಟು ಕಟ್ಟುವ ಕೋಲುಜೇನು, ಮರದ ಪೊಟರೆಗಳಲ್ಲೂ ಪೆಟ್ಟಿಗೆಗಳಲ್ಲೂ ಇರುವ ತುಡುವೆ, ಹಳೆಯ ಮಣ್ಣಿನ ಗೋಡೆಗಳ ಸಂದಿಯಲ್ಲಿರುವ ಕುಟುಕದ ಮುಜಂಟಿ, ಇವು ನಮ್ಮ ನೆಲದವು. ಹೊರಗಿನಿಂದ ತಂದು ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ ಇವುಗಳ ಜೊತೆಗೆ ಸೇರಿಕೊಂಡಿದೆ. ಪತ್ರಿಕೆಗಳಲ್ಲಿ ಬರುವ ಹೆಚ್ಚಿನ ಅಂಕಿ ಅಂಶಗಳು ಪೆಟ್ಟಿಗೆಯ ಜೇನಿಗೆ ಸಂಬಂಧಿಸಿದವು. ಅಮೆರಿಕದಲ್ಲಿ 1947ರಲ್ಲಿ 59 ಲಕ್ಷದಷ್ಟಿದ್ದ ಸಾಕು ಜೇನಿನ ಕುಟುಂಬಗಳು 2000ದ ದಶಕದ ಕೊನೆಗೆ 25 ಲಕ್ಷದ ಆಸುಪಾಸಿಗೆ ಇಳಿದವು. ಅದೇ ವೇಳೆ ಇಡೀ ಜಗತ್ತಿನ ಲೆಕ್ಕ ತೆಗೆದರೆ ಪೆಟ್ಟಿಗೆಗಳ ಸಂಖ್ಯೆ ಹೆಚ್ಚಿದೆ. ಜನರು ತುಪ್ಪಕ್ಕಾಗಿ ಮತ್ತು ಹಣಕ್ಕಾಗಿ ಸಾಕುವ ಜೇನು ಸತ್ತರೆ ಹೊಸ ಕುಟುಂಬ ತಂದು ಪೆಟ್ಟಿಗೆ ತುಂಬಿಸುತ್ತಾರೆ. ಹೆಜ್ಜೇನು, ಕೋಲುಜೇನುಗಳಿಗೆ ಹಾಗೆ ತುಂಬಿಸಿಕೊಡುವವರಿಲ್ಲ, ಎಷ್ಟು ಹೋದವು ಎಂದು ಬರೆದಿಡುವವರೂ ಇಲ್ಲ. ನಮ್ಮ ಹೊಲಗಳ ಪರಾಗಸ್ಪರ್ಶದಲ್ಲಿ ಬಹುಪಾಲು ಇವುಗಳದ್ದೇ ಆಗಿರುವುದರಿಂದ ನನ್ನ ಆತಂಕವೂ ಮುಖ್ಯವಾಗಿ ಇವುಗಳ ಕುರಿತಾದದ್ದು.

ಕಾರಣಗಳಲ್ಲಿ ರೋಗವನ್ನು ಮೊದಲು ಹೇಳಬೇಕು, ಏಕೆಂದರೆ ಕರ್ನಾಟಕಕ್ಕೆ ಅದರ ಕಹಿ ಅನುಭವವಿದೆ. ಥಾಯ್ಲೆಂಡಿನಲ್ಲಿ 1976ರಲ್ಲಿ ಮೊದಲು ಕಂಡ ಥಾಯ್ ಸ್ಯಾಕ್‌ಬ್ರೂಡ್ ವೈರಸ್ 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆಗೆ ತಗುಲಿತು. ಮರಿಹುಳುಗಳು ಕೋಶದೊಳಗೇ ನೀರು ತುಂಬಿದ ಚೀಲದಂತಾಗಿ ಸತ್ತವು, ಕೊಡಗು ಮತ್ತು ಮಲೆನಾಡಿನಲ್ಲಿ ತಲೆಮಾರುಗಳಿಂದ ಜೇನು ಸಾಕುತ್ತಿದ್ದ ಮನೆಗಳ ಪೆಟ್ಟಿಗೆಗಳು ಖಾಲಿಯಾದವು. ವರೋವಾ ಎಂಬ ನುಸಿಯ ಕಥೆ ಬೇರೆ. ಅದು ಮೂಲತಃ ತುಡುವೆಯ ಮೈಮೇಲೆ ಬದುಕುತ್ತಿದ್ದ ಜೀವಿ, ತುಡುವೆಗೆ ಅದನ್ನು ಉಜ್ಜಿ ಕಿತ್ತೊಗೆಯುವ ಅಭ್ಯಾಸವಿರುವುದರಿಂದ ದೊಡ್ಡ ಹಾನಿಯಾಗುತ್ತಿರಲಿಲ್ಲ. ಮೆಲ್ಲಿಫೆರಾವನ್ನು ಏಷ್ಯಾಕ್ಕೆ ತಂದಾಗ ಆ ನುಸಿ ಅದಕ್ಕೆ ದಾಟಿಕೊಂಡು, ಅಲ್ಲಿಂದ ಪೆಟ್ಟಿಗೆಗಳ ಸಾಗಾಟದೊಂದಿಗೆ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಹರಡಿತು. ಪೆಟ್ಟಿಗೆಗಳನ್ನು ಜಿಲ್ಲೆಯಿಂದ ಜಿಲ್ಲೆಗೆ ಲಾರಿಯಲ್ಲಿ ಸಾಗಿಸುವಾಗ ರೋಗ ಪರೀಕ್ಷೆ ಆಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಎರಡನೆಯದು ಕೀಟನಾಶಕ. 2006-07ರ ಚಳಿಗಾಲದಲ್ಲಿ ಅಮೆರಿಕದ ಜೇನು ಸಾಕಣೆದಾರರು ಪೆಟ್ಟಿಗೆ ತೆರೆದಾಗ ರಾಣಿ ಇತ್ತು, ಮರಿಗಳಿದ್ದವು, ತುಪ್ಪವಿತ್ತು, ಕೆಲಸಗಾರ ನೊಣಗಳು ಮಾತ್ರ ಇರಲಿಲ್ಲ. ಸತ್ತ ನೊಣಗಳೂ ಸುತ್ತಮುತ್ತ ಕಾಣಲಿಲ್ಲ. ಅದಕ್ಕೆ ಒಂದೇ ಕಾರಣವನ್ನು ಗುರುತಿಸಲು ವಿಜ್ಞಾನಿಗಳಿಗೆ ಆಗಲಿಲ್ಲ. ವರೋವಾ, ವೈರಸ್‌ಗಳು, ಅರೆಹೊಟ್ಟೆ, ಕೀಟನಾಶಕ ಇವೆಲ್ಲ ಸೇರಿ ಕುಟುಂಬವನ್ನು ಕುಗ್ಗಿಸುತ್ತವೆ ಎಂಬುದು ಅವರು ತಲುಪಿದ ನಿಲುವು. ಆದರೆ ಆ ಹುಡುಕಾಟದಲ್ಲಿ ನಿಯೋನಿಕೋಟಿನಾಯ್ಡ್ ಎಂಬ ಗುಂಪಿನ ಕೀಟನಾಶಕಗಳ ವಿಷಯ ಬೆಳಕಿಗೆ ಬಂತು. ನಾವು ದಿನನಿತ್ಯ ಬಳಸುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್ ಇದೇ ಗುಂಪಿನವು. ಇವು ಗಿಡದ ಒಳಗೆ ಹರಿದು ಎಲೆ, ಹೂವು, ಮಕರಂದ, ಪರಾಗದವರೆಗೂ ತಲುಪುತ್ತವೆ. ಒಂದು ಜೇನುನೊಣವನ್ನು ಕೊಲ್ಲಲು ಇಮಿಡಾಕ್ಲೋಪ್ರಿಡ್ ಕೆಲವೇ ನ್ಯಾನೊಗ್ರಾಂ ಸಾಕು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ನ್ಯಾನೊಗ್ರಾಂ. ಕೊಲ್ಲುವಷ್ಟು ಸಿಗದಿದ್ದರೂ ಅಪಾಯ ತಪ್ಪಿದ್ದಲ್ಲ. ಫ್ರಾನ್ಸಿನ ಸಂಶೋಧಕರು ನೊಣಗಳ ಬೆನ್ನಿಗೆ ಅತಿ ಚಿಕ್ಕ ಗುರುತಿನ ಚಿಪ್ ಅಂಟಿಸಿ, ಸಾಯದಷ್ಟು ಪ್ರಮಾಣದ ಥಯಾಮೆಥಾಕ್ಸಮ್ ಉಣಿಸಿ ಹೊರಬಿಟ್ಟಾಗ ಅನೇಕ ನೊಣಗಳು ದಾರಿ ತಪ್ಪಿ ಗೂಡಿಗೆ ಮರಳಲಿಲ್ಲ ಎಂದು 2012ರಲ್ಲಿ ವರದಿ ಮಾಡಿದರು. ಯುರೋಪಿನ ಒಕ್ಕೂಟ 2013ರಲ್ಲಿ ಜೇನು ಭೇಟಿ ಕೊಡುವ ಬೆಳೆಗಳಲ್ಲಿ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್, ಕ್ಲೋಥಿಯಾನಿಡಿನ್ ಬಳಕೆಗೆ ತಡೆ ಹಾಕಿ, 2018ರಲ್ಲಿ ಬಯಲು ಬೇಸಾಯದಲ್ಲಿ ಅವುಗಳ ಬಳಕೆಯನ್ನು ಪೂರ್ತಿ ನಿಲ್ಲಿಸಿತು.

ನಮ್ಮ ಭಾಗಕ್ಕೆ ಇವು ಏಕೆ ಇಷ್ಟೊಂದು ಬಂದವು ಎಂಬುದಕ್ಕೂ ಕಾರಣವಿದೆ, ಅದನ್ನು ಹೇಳದೆ ರೈತರನ್ನು ದೂರಿದರೆ ಅನ್ಯಾಯವಾಗುತ್ತದೆ. 1997ರಲ್ಲಿ ರಾಜ್ಯದಲ್ಲಿ ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ಕಾಣಿಸಿಕೊಂಡಿತು. ಥ್ರಿಪ್ಸ್ ಎಂಬ ಪುಟ್ಟ ಕೀಟದ ಮೂಲಕ ಹರಡುವ ಈ ನಂಜುರೋಗಕ್ಕೆ ಬೆಳೆ ಸುಟ್ಟಂತಾಗಿ ಹೋದದ್ದನ್ನು ಕಂಡವರಿಗೆ, ಇಮಿಡಾಕ್ಲೋಪ್ರಿಡ್‌ನಿಂದ ಬೀಜೋಪಚಾರ ಮಾಡಿ ಎಂಬ ಸಲಹೆ ದೊಡ್ಡ ಆಸರೆಯಾಯಿತು. ಬಿಟಿ ಹತ್ತಿಯ ಬೀಜ ಔಷಧ ಲೇಪಿಸಿಕೊಂಡೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಗುಲಾಬಿ ಕಾಯಿಕೊರಕ ಆ ಬಿಟಿಯನ್ನೇ ಮೀರಿ ಬಂದ ಮೇಲೆ ರಾಯಚೂರು ಭಾಗದ ಹತ್ತಿಗೆ ಹೂವಿನ ಹಂತದ ಸಿಂಪಡಣೆ ಮತ್ತೆ ಹೆಚ್ಚಿತು. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದ ಮೇಲೆ ನಮ್ಮ ತೋಟಗಳಲ್ಲಿ ಪಂಪಿಗೆ ವಿಶ್ರಾಂತಿಯೇ ಇಲ್ಲ. 2021-22ರಲ್ಲಿ ಬಳ್ಳಾರಿ, ರಾಯಚೂರು ಕಡೆಯ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಮುತ್ತಿ ಹೂವನ್ನೇ ಉದುರಿಸತೊಡಗಿದಾಗ, ಅಂಗಡಿಯವರು ಹೇಳಿದ್ದನ್ನೆಲ್ಲ ಬೆರೆಸಿ ಹೊಡೆದ ರೈತನ ಮನಸ್ಥಿತಿ ನನಗೆ ಅರ್ಥವಾಗುತ್ತದೆ. ಬಡ್ಡಿಗೆ ತಂದ ಹಣ ಹೊಲದಲ್ಲಿರುವಾಗ ಯಾರೂ ಹುಳದ ಎದುರು ಕೈಕಟ್ಟಿ ಕೂರಲಾರರು.

ಆದರೆ ಹೊಡೆಯುವ ಹೊತ್ತು ಮತ್ತು ಬೆರಕೆ, ಇವೆರಡೂ ರೈತನ ಅಸಹಾಯಕತೆಯಿಂದ ಬಂದವಲ್ಲ. ನಮ್ಮ ಕಡೆ 'ಎಣ್ಣೆ ಹೊಡೆಯುವುದು' ಎಂದರೆ ಬೆಳಗಿನ ಕೆಲಸ. ಆಳುಗಳು ಬರುವುದು ಬೆಳಿಗ್ಗೆ, ಗಾಳಿ ಕಡಿಮೆ ಇರುವುದೂ ಬೆಳಿಗ್ಗೆ. ಹೂವಿಗೆ ಜೇನು ಬರುವುದೂ ಅದೇ ಹೊತ್ತಿಗೆ. ಹಾರುತ್ತಿರುವ ನೊಣದ ಮೇಲೆ ನೇರವಾಗಿ ಬೀಳುವ ಔಷಧಕ್ಕೂ, ಸಂಜೆ ಹೊಡೆದು ರಾತ್ರಿಯಿಡೀ ಒಣಗಿದ ಔಷಧಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದೂ ನಿರಪಾಯಕಾರಿಯಲ್ಲವಾದರೂ ಸಾವು ಗಣನೀಯವಾಗಿ ತಗ್ಗುತ್ತದೆ. ಬೆರಕೆಯ ವಿಷಯ ಇನ್ನೂ ಗಂಭೀರ. ಆಳಿನ ಖರ್ಚು ಉಳಿಸಲು ಕೀಟನಾಶಕ, ಶಿಲೀಂಧ್ರನಾಶಕ, ಟಾನಿಕ್ ಎಲ್ಲವನ್ನೂ ಒಂದೇ ಡ್ರಮ್ಮಿನಲ್ಲಿ ಕಲಸುತ್ತೇವೆ. ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕ ತಾನಾಗಿ ಜೇನಿಗೆ ಅಷ್ಟು ಮಾರಕವಲ್ಲ, ಆದರೆ ಜೇನಿನ ದೇಹ ವಿಷವನ್ನು ಕರಗಿಸಿಕೊಳ್ಳುವ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಹಾಗಾಗಿ ಅದರೊಂದಿಗೆ ಬೆರೆಸಿದ ಕೆಲವು ಕೀಟನಾಶಕಗಳು ಒಂಟಿಯಾಗಿ ಹೊಡೆದಾಗ ಇರುವುದಕ್ಕಿಂತ ಹಲವು ಪಟ್ಟು ವಿಷಕಾರಿಯಾಗುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇದನ್ನು ಗೊಬ್ಬರದಂಗಡಿಯ ಕೌಂಟರಿನಲ್ಲಿ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಅಂಗಡಿಯಲ್ಲಿ ಕೊಡುವ ಡಬ್ಬಿಯನ್ನೇ ಗಮನಿಸಿ. ಅದರ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ತ್ರಿಕೋನವಿರುತ್ತದೆ. ಕೆಂಪಿಗಿಂತ ಹಳದಿ, ಹಳದಿಗಿಂತ ನೀಲಿ, ನೀಲಿಗಿಂತ ಹಸಿರು ಕಡಿಮೆ ವಿಷ ಎಂಬುದು ಈಗ ಓದು ಬಾರದ ರೈತನಿಗೂ ಗೊತ್ತು, ಅಷ್ಟರಮಟ್ಟಿಗೆ ಆ ಗುರುತು ಯಶಸ್ವಿಯಾಗಿದೆ. ಆದರೆ ಆ ಬಣ್ಣವನ್ನು ನಿರ್ಧರಿಸುವುದು ಮನುಷ್ಯನಂಥ ಸಸ್ತನಿಗಳಿಗೆ ಆಗುವ ಅಪಾಯದ ಮೇಲೆ. ಮನುಷ್ಯನಿಗೆ ಹೋಲಿಕೆಯಲ್ಲಿ ಕಡಿಮೆ ಅಪಾಯಕಾರಿಯಾದ ಔಷಧ ಜೇನಿಗೆ ಅತಿ ಮಾರಕವಾಗಿರಬಹುದು, ನಿಯೋನಿಕೋಟಿನಾಯ್ಡ್‌ಗಳಲ್ಲಿ ಆಗಿರುವುದು ಅದೇ. 'ಕಡಿಮೆ ವಿಷದ್ದು ತಂದಿದ್ದೇನೆ' ಎಂಬ ಸಮಾಧಾನದಿಂದ ಹೂವಿನ ಮೇಲೆ ಹೊಡೆಯುವ ರೈತ ತನಗೆ ತಿಳಿಯದೆ ತನ್ನ ಬೆಳೆಯ ಇಳುವರಿಯನ್ನೇ ಕಳೆದುಕೊಳ್ಳುತ್ತಿರುತ್ತಾನೆ. ಜೇನು ಚಟುವಟಿಕೆಯಿಂದಿರುವಾಗ ಸಿಂಪಡಿಸಬಾರದು ಎಂಬ ಎಚ್ಚರಿಕೆ ಇಂಥ ಹಲವು ಔಷಧಗಳ ಜೊತೆಗಿನ ಕರಪತ್ರದಲ್ಲಿ ಇರುತ್ತದೆ. ಅದನ್ನು ಬಿಚ್ಚಿದರೆ ಮಡಿಕೆಯ ಮೇಲೆ ಮಡಿಕೆ, ಹಲವು ಭಾಷೆಗಳು, ಕನ್ನಡದ ಭಾಗ ಸಿಕ್ಕರೂ ಅಕ್ಷರ ಸಾಸಿವೆಗಿಂತ ಸಣ್ಣದು. ಬಹುತೇಕ ಕರಪತ್ರಗಳು ಡಬ್ಬಿಯ ಕೊರಳಿಗೆ ಸುತ್ತಿದ ರಬ್ಬರ್ ಬ್ಯಾಂಡಿನ ಸಮೇತ ಹೊಲದ ಬದುವಿನಲ್ಲಿ ಬಿದ್ದಿರುತ್ತವೆ.

ಮೂರನೆಯದು ಹೊಟ್ಟೆಪಾಡು. ಜೇನಿಗೆ ವರ್ಷದ ಹನ್ನೆರಡು ತಿಂಗಳೂ ಎಲ್ಲಾದರೂ ಹೂವು ಬೇಕು. ಎರೆಹೊಲದಲ್ಲಿ ಜೋಳದ ನಡುವೆ ಅಕ್ಕಡಿಯಾಗಿ ಕುಸುಬಿ, ಗುರೆಳ್ಳು, ಎಳ್ಳು, ಅಗಸೆ ಹಾಕುತ್ತಿದ್ದ ಕಾಲದಲ್ಲಿ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುತ್ತಿತ್ತು. ಈಗ ಅಚ್ಚುಕಟ್ಟಿನಲ್ಲಿ ಕಣ್ಣು ಹಾಯುವಷ್ಟು ದೂರ ಭತ್ತ. ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಒಣಭೂಮಿಯಲ್ಲಿ ಮೆಕ್ಕೆಜೋಳ ಮತ್ತು ಹತ್ತಿ ಎಲ್ಲವನ್ನೂ ನುಂಗಿವೆ. ಬದುವಿನಲ್ಲಿದ್ದ ತುಂಬೆ, ಹಳ್ಳದ ದಂಡೆಯ ಲಕ್ಕಿ, ಬಾರಿ, ಹೊಂಗೆ ಇವೂ ಕಡಿಮೆಯಾಗುತ್ತಿವೆ. ಆಳು ಸಿಗದ ಕಾರಣಕ್ಕೆ ಬದುವಿಗೂ ಕಳೆನಾಶಕ ಹೊಡೆಯುವುದು ರೂಢಿಯಾಗಿದೆ. ಗ್ಲೈಫೋಸೇಟ್ ಜೇನಿನ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಏರುಪೇರು ಮಾಡುತ್ತದೆ ಎಂದು 2018ರ ಅಧ್ಯಯನವೊಂದು ತೋರಿಸಿದೆ, ಆದರೆ ಅದಕ್ಕಿಂತ ನೇರವಾದ ಹಾನಿ ಎಂದರೆ ಹೂವೇ ಇಲ್ಲದಂತಾಗುವುದು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಬಳ್ಳಾರಿ ಜಾಲಿಯನ್ನು ನಾವೆಲ್ಲ ಬೈಯುತ್ತೇವೆ, ಹೊರದೇಶದಿಂದ ಬಂದು ಗೋಮಾಳ, ಕೆರೆಯಂಗಳಗಳನ್ನು ಆಕ್ರಮಿಸಿದ ಅದನ್ನು ತೆಗೆಯಬೇಕೆಂಬುದೂ ಸರಿ. ಆದರೆ ಬೇರೆ ಹೂವಿಲ್ಲದ ಬಿರುಬೇಸಿಗೆಯಲ್ಲಿ ಈ ಭಾಗದ ಜೇನನ್ನು ಬದುಕಿಸುತ್ತಿರುವ ಗಿಡಗಳಲ್ಲಿ ಅದೂ ಒಂದು. ಕೆರೆ ಹೂಳೆತ್ತುವಾಗ ಜೆಸಿಬಿಯಿಂದ ಒಂದೇ ವಾರದಲ್ಲಿ ಜಾಲಿಯನ್ನೆಲ್ಲ ಕಿತ್ತು, ಆ ಜಾಗದಲ್ಲಿ ಬೇವು, ಹೊಂಗೆ, ಹುಣಸೆ ನೆಡದೆ ಹೋದರೆ ಜೇನು ತಿನ್ನುವುದೇನನ್ನು?

ಬಿಸಿಲಿನ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಮರಿಗಳಿರುವ ಭಾಗವನ್ನು ಜೇನು 34-35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳಬೇಕು, ಹೊರಗೆ 40 ದಾಟಿದಾಗ ನೀರು ತಂದು ಹುಟ್ಟಿನ ಮೇಲೆ ಸವರಿ ರೆಕ್ಕೆಯಿಂದ ಗಾಳಿ ಬೀಸುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ಉಳಿಯುವುದು ಸಿಂಪಡಣೆ ಪಂಪು ತೊಳೆದ ಗುಂಡಿಯ ನೀರು. ದೂಳಿನ ಬಗ್ಗೆ ಮಾತ್ರ ಜಿಲ್ಲಾಡಳಿತ ಗಮನಿಸಲೇಬೇಕಾದ ಒಂದು ಅಧ್ಯಯನವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿಗಳು ನಗರದ ಬೇರೆ ಬೇರೆ ಕಡೆಗಳಿಂದ ಹೆಜ್ಜೇನುಗಳನ್ನು ಹಿಡಿದು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಆ ವರದಿಯ ಪ್ರಕಾರ, ಗಾಳಿ ಹೆಚ್ಚು ಕೆಟ್ಟಿರುವ ಜಾಗಗಳಿಂದ ತಂದ ನೊಣಗಳಲ್ಲಿ ಶೇ 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು. ಅವುಗಳ ಮೈಮೇಲೆ ಲೋಹದ ಅಂಶವುಳ್ಳ ದೂಳಿನ ಕಣಗಳಿದ್ದವು, ಹೃದಯ ಬಡಿತ ಏರುಪೇರಾಗಿತ್ತು. ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಕಪ್ಪು ದೂಳು ಬೆಳೆಯ ಎಲೆಯ ಮೇಲೆ ಕೂರುವುದನ್ನೂ, ಸಂಡೂರಿನ ಅದಿರಿನ ಲಾರಿಗಳ ಕೆಂಪು ದೂಳು ರಸ್ತೆ ಬದಿಯ ಹೂವನ್ನು ಮುಚ್ಚುವುದನ್ನೂ ನೋಡಿರುವ ನಾವು ಆ ವರದಿಯನ್ನು ಬೆಂಗಳೂರಿನ ಸುದ್ದಿ ಎಂದು ಬದಿಗಿಡುವಂತಿಲ್ಲ. ಅದೇ ಮಾದರಿಯ ಪರೀಕ್ಷೆಯನ್ನು ಇಲ್ಲಿ ನಡೆಸಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕೋರಬೇಕು.

ಮೊಬೈಲ್ ಟವರ್ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಪೆಟ್ಟಿಗೆಯೊಳಗೆ ಫೋನ್ ಇಟ್ಟು ಮಾಡಿದ ಸಣ್ಣ ಪ್ರಯೋಗಗಳು ನಡೆದಿವೆ, ಹೆಚ್ಚಿನ ಸಂಶೋಧನೆ ಆಗಲಿ. ಆದರೆ ರೋಗ, ಕೀಟನಾಶಕ, ಹೂವಿನ ಕೊರತೆಗಳಿಗೆ ಇರುವಷ್ಟು ಪುರಾವೆ ಟವರ್‌ಗಳ ವಿರುದ್ಧ ಇಲ್ಲ. ಎಲ್ಲ ತಪ್ಪನ್ನೂ ಟವರ್ ಮೇಲೆ ಹಾಕಿದರೆ ನಮ್ಮ ಕೈಯಲ್ಲಿರುವ ಪಂಪಿನ ಬಗ್ಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ, ಅದೇ ಆ ವಾದದ ದೊಡ್ಡ ತೊಂದರೆ.

ಹೆಜ್ಜೇನಿನ ವಿಷಯದಲ್ಲಿ ನಡೆಯುತ್ತಿರುವುದು ಇನ್ನೂ ನೋವಿನ ಸಂಗತಿ. ಆನೆಗೊಂದಿ ಸುತ್ತಲಿನ ಬಂಡೆಗಳಲ್ಲಿ, ಊರಿನ ನೀರಿನ ಟ್ಯಾಂಕಿನಲ್ಲಿ, ಶಾಲೆ, ಕಚೇರಿಗಳ ಸಜ್ಜಾದ ಕೆಳಗೆ ಅದು ಕಾಲಕ್ಕೆ ಸರಿಯಾಗಿ ಬಂದು ಕೂರುತ್ತದೆ, ಹೂವಿನ ಕಾಲ ಮುಗಿದಾಗ ತಾನಾಗಿ ಬೇರೆಡೆಗೆ ವಲಸೆ ಹೋಗುತ್ತದೆ. ಅದು ಕೆರಳಿದರೆ ಜೀವಕ್ಕೇ ಅಪಾಯ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಕ್ಕಳು ಓಡಾಡುವಲ್ಲಿ ಎಚ್ಚರಿಕೆ ಬೇಕೇ ಬೇಕು. ಆದರೆ ಈಗ ರೂಢಿಯಲ್ಲಿರುವುದು ಒಂದೇ ಕ್ರಮ: ರಾತ್ರಿ ಪಂಜು ಹಿಡಿದು ಸುಡುವುದು, ಇಲ್ಲವೇ ಕೀಟನಾಶಕ ಹೊಡೆದು ನೆಲಕ್ಕೆ ಬೀಳಿಸುವುದು. ಹೀಗೆ ಸುಟ್ಟ ಒಂದು ಹುಟ್ಟಿನಲ್ಲಿ ಹತ್ತಾರು ಸಾವಿರ ನೊಣಗಳಿರುತ್ತವೆ. ಅದರಲ್ಲೂ ಸಾರ್ವಜನಿಕ ಕಟ್ಟಡಗಳಲ್ಲಿ ಪಂಚಾಯಿತಿ ಹಣದಿಂದಲೇ ಇದು ನಡೆಯುವುದು ಸರಿಯಲ್ಲ. ಆ ಜಾಗಕ್ಕೆ ಹಗ್ಗ ಕಟ್ಟಿ, ಫಲಕ ಹಾಕಿ, ವಲಸೆ ಹೋಗುವವರೆಗೆ ಕಾಯುವುದು ಹೆಚ್ಚಿನ ಕಡೆ ಸಾಧ್ಯ. ಅದು ಸಾಧ್ಯವಾಗದಲ್ಲಿ ಕೊಲ್ಲದೆ ಹೊಗೆಯಿಂದ ಎಬ್ಬಿಸಿ ಕಳಿಸಬಲ್ಲ, ಜೇನು ಕೀಳುವುದನ್ನೇ ಕಸುಬಾಗಿಸಿಕೊಂಡ ಅನುಭವಿಗಳಿದ್ದಾರೆ. ಅವರ ಪಟ್ಟಿಯೊಂದು ಪ್ರತಿ ತಾಲ್ಲೂಕು ಪಂಚಾಯಿತಿಯಲ್ಲಿರಬೇಕು.

ಸರಕಾರ ಏನೂ ಮಾಡುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಕೇಂದ್ರ ಸರಕಾರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಮಿಷನ್ ಆರಂಭಿಸಿತು, ರಾಜ್ಯದ ತೋಟಗಾರಿಕೆ ಇಲಾಖೆ ಸಹಾಯಧನದಲ್ಲಿ ಪೆಟ್ಟಿಗೆಗಳನ್ನು ಕೊಡುತ್ತದೆ. ಆದರೆ ಪೆಟ್ಟಿಗೆ ಕೊಟ್ಟು ಫೋಟೊ ತೆಗೆದ ಮೇಲೆ ಅದರೊಳಗಿನ ಕುಟುಂಬ ಮುಂದಿನ ಬೇಸಿಗೆಯನ್ನು ದಾಟಿತೇ ಎಂದು ನೋಡುವ ವ್ಯವಸ್ಥೆ ಇಲ್ಲ. ಸುತ್ತ ಹೂವಿಲ್ಲದ, ಪಕ್ಕದ ಹೊಲದಲ್ಲಿ ವಾರಕ್ಕೊಮ್ಮೆ ಸಿಂಪಡಣೆ ನಡೆಯುವ ಜಾಗದಲ್ಲಿಟ್ಟ ಪೆಟ್ಟಿಗೆ ಖಾಲಿಯಾಗಿ ಕೋಳಿಗೂಡಾಗುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಸೂರ್ಯಕಾಂತಿಗೆ ಹೆಕ್ಟೇರಿಗೆ 5 ಪೆಟ್ಟಿಗೆ ಇಡಿ ಎಂಬ ಶಿಫಾರಸು ಸರಿಯಾದದ್ದೇ. ಅಕ್ಕಪಕ್ಕದ ರೈತರು ಹೊಡೆಯುವ ಹೊತ್ತನ್ನು ಬದಲಿಸದೆ ಅದನ್ನು ಪಾಲಿಸಿದರೆ ಪೆಟ್ಟಿಗೆಯೂ ಹೋಗುತ್ತದೆ, ಸಹಾಯಧನವೂ ಹೋಗುತ್ತದೆ.

ಆದ್ದರಿಂದ ನನ್ನ ಮೊದಲ ಹಾಗೂ ಮುಖ್ಯ ಬೇಡಿಕೆ ಸಿಂಪಡಣೆಯ ಕುರಿತಾದದ್ದು. ಸೂರ್ಯಕಾಂತಿ, ತೊಗರಿ, ಹತ್ತಿ, ಮೆಣಸಿನಕಾಯಿ, ದಾಳಿಂಬೆ, ಕಲ್ಲಂಗಡಿ ಹೂವಿಗೆ ಬರುವ ವಾರಗಳು ಹೋಬಳಿವಾರು ಕೃಷಿ ಇಲಾಖೆಗೆ ಗೊತ್ತೇ ಇರುತ್ತವೆ. ಆ ವಾರಗಳಿಗೆ ಮೊದಲೇ ಗ್ರಾಮ ಪಂಚಾಯಿತಿಯ ಧ್ವನಿವರ್ಧಕದಲ್ಲಿ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ರೈತರ ಮೊಬೈಲಿಗೆ ಕಳಿಸುವ ಸಂದೇಶದಲ್ಲಿ ಒಂದೇ ಮಾತು ಹೋಗಬೇಕು: ಹೂವಿನ ಹಂತದಲ್ಲಿ ಸಾಧ್ಯವಾದಷ್ಟೂ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಇಳಿಹೊತ್ತಿನಲ್ಲಿ ಜೇನು ಮರಳಿದ ಮೇಲೆ ಹೊಡೆಯಿರಿ, ಕೀಟನಾಶಕಕ್ಕೆ ಶಿಲೀಂಧ್ರನಾಶಕ ಬೆರೆಸಬೇಡಿ. 1968ರ ಕೀಟನಾಶಕ ಕಾಯ್ದೆಯಡಿ ಅಂಗಡಿಗಳನ್ನು ತಪಾಸಣೆ ಮಾಡುವ ಅಧಿಕಾರಿಗಳು ಈಗಾಗಲೇ ಇದ್ದಾರೆ. ಜೇನಿಗೆ ಮಾರಕವಾದ ಔಷಧಗಳ ಹೆಸರುಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಫಲಕವನ್ನು ಪ್ರತಿ ಅಂಗಡಿಯ ಮುಂದೆ ಹಾಕಿಸುವುದು, ಬಿಲ್ಲಿನ ಮೇಲೆ 'ಹೂವಿನ ಹಂತದಲ್ಲಿ ಬೇಡ' ಎಂಬ ಮುದ್ರೆ ಒತ್ತಿಸುವುದು ಅವರಿಂದ ಆಗುವ ಕೆಲಸ. ಬೀಜ, ಗೊಬ್ಬರ, ಔಷಧದಂಥ ಕೃಷಿ ಪರಿಕರಗಳ ಮಾರಾಟಗಾರರಿಗೆ ನಡೆಸುವ 'ದೇಸಿ' (DAESI) ಎಂಬ ಡಿಪ್ಲೊಮಾ ತರಗತಿಗಳಲ್ಲಿ ಈ ವಿಷಯಕ್ಕೆ ಒಂದು ದಿನ ಮೀಸಲಿಡಿ. ಈಚೆಗೆ ಡ್ರೋನ್ ಸಿಂಪಡಣೆ ಬಂದಿದೆ, ನಮೋ ಡ್ರೋನ್ ದೀದಿ ಯೋಜನೆಯಡಿ ತರಬೇತಿ ಪಡೆದ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲೇ ಕೆಲಸ ಮಾಡಲಿದ್ದಾರೆ. ಕೆಲವೇ ನಿಮಿಷದಲ್ಲಿ ಎಕರೆಗಟ್ಟಲೆ ಹೊಡೆಯಬಲ್ಲ ಆ ಯಂತ್ರಕ್ಕೆ ಬೆಳಗಿನ ಹೊತ್ತೇ ಆಗಬೇಕೆಂದಿಲ್ಲ, ಆಳಿನ ಸಮಸ್ಯೆಯೂ ಅದಕ್ಕಿಲ್ಲ. ಸಂಜೆಯ ನಿಯಮವನ್ನು ಅಲ್ಲಿಂದಲೇ ಆರಂಭಿಸಬಹುದು.

ಎರಡನೆಯದು ಲೆಕ್ಕ. ಪ್ರತಿ ಹಂಗಾಮಿನಲ್ಲೂ ಮೊಬೈಲ್ ಆ್ಯಪ್ ಹಿಡಿದು ಹೊಲಹೊಲಕ್ಕೆ ಹೋಗಿ ಬೆಳೆ ಸಮೀಕ್ಷೆ ಮಾಡುವವರಿದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಬಹಳ ಕಡೆ ಆ ದಾಖಲಾತಿ ಬೀರುವಿನಲ್ಲಿದೆ. ಊರಿನ ಯಾವ ಮರ, ಬಂಡೆ, ಕಟ್ಟಡದಲ್ಲಿ ಎಷ್ಟು ಹೆಜ್ಜೇನು ಹುಟ್ಟುಗಳು ಯಾವ ತಿಂಗಳು ಬಂದವು, ಯಾವಾಗ ಹೋದವು ಎಂಬುದನ್ನು ಅದರಲ್ಲಿ ಬರೆಯುತ್ತಾ ಹೋದರೆ, ಶಾಲಾ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡರೆ, ಜೇನು ಕಡಿಮೆಯಾಗಿದೆಯೇ ಎಂಬ ಪ್ರಶ್ನೆಗೆ ಕೆಲವೇ ವರ್ಷಗಳಲ್ಲಿ ಸಂತೆಯ ಮಾತಿನ ಬದಲು ಅಂಕಿ ಇರುತ್ತದೆ. ಇದರ ಜೊತೆಗೆ ಕಾಲುವೆ ದಂಡೆ, ಕೆರೆ ಏರಿಯ ಹೊರಬದಿ, ರಸ್ತೆ ಬದಿ, ಗೋಮಾಳಗಳಲ್ಲಿ ಉದ್ಯೋಗ ಖಾತರಿ ಕಾಮಗಾರಿಯಡಿ ನೆಡುವ ಸಸಿಗಳಲ್ಲಿ ಹೊಂಗೆ, ಬೇವು, ಹುಣಸೆ, ನೇರಳೆ, ಬಾರಿ, ನುಗ್ಗೆಗಳಿಗೆ ಆದ್ಯತೆ ಸಿಗಲಿ. ಜಾಲಿ ತೆಗೆಯುವುದಾದರೆ ಬದಲಿ ಗಿಡ ಹೂವಿಗೆ ಬರುವವರೆಗೆ ಹಂತಹಂತವಾಗಿ ತೆಗೆಯಲಿ.

ರೈತ ಬಾಂಧವರಲ್ಲಿಯೂ ಒಂದು ವಿನಂತಿ. ಹೂವಿನ ಹೊತ್ತಿನಲ್ಲಿ ಪಕ್ಕದ ಹೊಲದವರಿಗೆ ತಿಳಿಸದೆ ಹೊಡೆಯಬೇಡಿ. ಸಮೀಪದಲ್ಲಿ ಪೆಟ್ಟಿಗೆ ಇಟ್ಟವರಿದ್ದರೆ ಹಿಂದಿನ ದಿನ ಒಂದು ಫೋನ್ ಮಾಡಿ, ಅವರು ರಾತ್ರಿ ಬಾಗಿಲು ಮುಚ್ಚಿ ಮರುದಿನ ತೆರೆಯುತ್ತಾರೆ. ಹುಳದ ಸಂಖ್ಯೆ ಹಾನಿಯ ಮಟ್ಟ ಮುಟ್ಟಿದೆಯೇ ಎಂದು ಗಿಡ ತಿರುವಿ ನೋಡಿದ ಮೇಲೆಯೇ ಪಂಪು ಎತ್ತಿ. ಬೇವಿನ ಬೀಜದ ಕಷಾಯದಿಂದ ನಿಲ್ಲುವ ಹುಳಕ್ಕೆ ದುಬಾರಿ ಔಷಧ ಬೇಕಿಲ್ಲ, ಅದನ್ನೂ ಸಂಜೆಯೇ ಹೊಡೆಯುವುದು ಒಳ್ಳೆಯದು. ಪಂಪು ತೊಳೆದ ನೀರನ್ನು ಹಳ್ಳಕ್ಕೆ, ಕಾಲುವೆಗೆ ಬಿಡಬೇಡಿ. ಬದುವಿನ ಒಂದು ಮಗ್ಗುಲಿಗಾದರೂ ಕಳೆನಾಶಕ ಸೋಕದಂತೆ ನೋಡಿಕೊಳ್ಳಿ, ಅಲ್ಲಿ ಒಂದೆರಡು ಸಾಲು ಗುರೆಳ್ಳೋ ಕುಸುಬಿಯೋ ಹಾಕಿ.

ಹಿಂಗಾರಿ ಸೂರ್ಯಕಾಂತಿ ಮೊಗ್ಗಿಗೆ ಬರುವ ಮೊದಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕೃಷಿ, ತೋಟಗಾರಿಕೆ, ಅರಣ್ಯ, ಪಂಚಾಯತ್ ರಾಜ್ ಇಲಾಖೆಗಳ ಅಧಿಕಾರಿಗಳು, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದ ಕೀಟತಜ್ಞರು, ಪರಿಕರ ಮಾರಾಟಗಾರರು, ಜೇನು ಸಾಕಣೆದಾರರು ಮತ್ತು ರೈತ ಸಂಘಟನೆಗಳ ಪ್ರತಿನಿಧಿಗಳ ಒಂದು ಸಭೆಯನ್ನು ಕರೆಯಬೇಕೆಂದೂ, ಹೂವಿನ ಹಂತದ ಸಿಂಪಡಣೆಯ ಬಗ್ಗೆ ಅಲ್ಲಿ ಆಗುವ ತೀರ್ಮಾನವನ್ನು ಲಿಖಿತ ಸುತ್ತೋಲೆಯಾಗಿ ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಮತ್ತು ಪರವಾನಗಿ ಪಡೆದ ಎಲ್ಲ ಅಂಗಡಿಗಳಿಗೆ ಕಳಿಸಬೇಕೆಂದೂ ಕೋರುತ್ತೇನೆ. ಸಭೆಗೆ ನಾನೂ, ನಮ್ಮ ಭಾಗದ ಜೇನು ಸಾಕಣೆದಾರರೂ ಬರಲು ಸಿದ್ಧರಿದ್ದೇವೆ, ನಮ್ಮ ಹೊಲಗಳನ್ನು ಮೊದಲ ಪ್ರಾತ್ಯಕ್ಷಿಕೆಗೆ ಬಿಟ್ಟುಕೊಡಲೂ ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಕುಷ್ಟಗಿ ತಾಲ್ಲೂಕಿನ ಒಬ್ಬ ರೈತ ಹಾಗೂ ಜೇನು ಸಾಕಣೆದಾರ